ಮೈಕಿನಲ್ಲಿ ಮುರಿದ ನಿಕಾಹ್

ನಮ್ಮ ಅಪ್ಪ ಅಮ್ಮನ ಮದುವೆ ಮುರಿದುಬಿದ್ದಿದೆ ಎಂಬ ಸುದ್ದಿ ನಮಗೆ ತಿಳಿದದ್ದು ಮಸೀದಿಯ ಮೈಕಿನಿಂದ. ೧೯೮೪ರ ಫೆಬ್ರವರಿ, ಶುಕ್ರವಾರದ ಮಧ್ಯಾಹ್ನ. ಮಡಿವಾಳದ ನಮ್ಮ ಬಾಡಿಗೆ ಮನೆಯ ಅಂಗಳದಲ್ಲಿ ಅಮ್ಮ ದಬ್ಬಣ ಹಿಡಿದು ಹಾಸಿಗೆ ಹೊಲಿಯುತ್ತಿದ್ದಳು. ಬಿಟಿಎಂ ಲೇಔಟಿನಲ್ಲಿ ಹೊಸ ಮನೆ ಕಟ್ಟಿದ್ದ ಯಾರೋ ಕೊಟ್ಟಿದ್ದ ಹಾಸಿಗೆ ಅದು. ನಾನು ದಿಂಬಿಗೆ ಗವಸು ಹೊಲಿಯುತ್ತಿದ್ದೆ. ಜುಮ್ಮಾ ನಮಾಜು ಮುಗಿದ ಮೇಲೆ ಮಸೀದಿ ಕಮಿಟಿಯ ಸೆಕ್ರೆಟರಿ ಖಲಂದರ್ ಗಂಟಲು ಸರಿಮಾಡಿಕೊಂಡು ಹನ್ನೊಂದು ಗಂಡಸರ ಹೆಸರು ಓದಿದ. ಮೂರನೆಯದು ನಮ್ಮಪ್ಪನದು.

ಆ ಹನ್ನೊಂದು ಜನ ಹೋದ ಸೋಮವಾರ ಜೆ.ಪಿ. ನಗರದ ಕಡೆಯ ಇಮಾಮರೊಬ್ಬರ ಹಿಂದೆ ನಿಂತು ಜನಾಜಾ ನಮಾಜು, ಅಂದರೆ ಸತ್ತವರಿಗಾಗಿ ಮಾಡುವ ಪ್ರಾರ್ಥನೆ ಮಾಡಿದ್ದರು. ಆ ಇಮಾಮರು ಬೇರೆ ಪಂಗಡದವರು. ಆದ್ದರಿಂದ ಈ ಹನ್ನೊಂದು ಜನರ ಈಮಾನು, ಅಂದರೆ ಧರ್ಮದ ನಂಬಿಕೆ, ಹೋಗಿದೆ. ಈಮಾನು ಹೋದ ಮೇಲೆ ನಿಕಾಹ್ ಉಳಿಯುವುದಿಲ್ಲ. ಮುಂದಿನ ಶುಕ್ರವಾರ ಸಂಜೆಯ ಅಸರ್ ನಮಾಜಾದ ಮೇಲೆ ಎಲ್ಲರೂ ಹೆಂಡಂದಿರ ಸಮೇತ ಬಂದು, ಅಲ್ಲಾಹನನ್ನೂ ಪ್ರವಾದಿಯನ್ನೂ ಒಪ್ಪುವ ಕಲಿಮಾ ಓದಿ, ಹೊಸದಾಗಿ ನಿಕಾಹ್ ಮಾಡಿಕೊಳ್ಳಬೇಕು. ಇಷ್ಟನ್ನೂ ಖಲಂದರ್ ಒಮ್ಮೆ ಉರ್ದುವಿನಲ್ಲಿ, ಉರ್ದು ಬಾರದ ನಮ್ಮಂಥವರಿಗಾಗಿ ಇನ್ನೊಮ್ಮೆ ಕನ್ನಡದಲ್ಲಿ ಹೇಳಿದ. ನಲ್ಲಿ ನೀರು ಬಿಡುವ ಹೊತ್ತು ಬದಲಾಗಿದೆ ಎಂದು ತಿಳಿಸುವವನ ಹಾಗೆ ಹೇಳಿದ.

ಅಮ್ಮ ದಬ್ಬಣವನ್ನು ಹಾಸಿಗೆಗೆ ಚುಚ್ಚಿ ಹಾಗೇ ಬಿಟ್ಟಳು. "ಮದ್ವೆ ಮುರಿದೈತೆ ಅಂತಾನೆ, ಹೆಂಡ್ತೀರು ಅಂತಾನೂ ಅಂತಾನೆ. ಎರಡ್ರಲ್ಲಿ ಒಂದು ಹೇಳೋಕೆ ಹೇಳು ಅವನಿಗೆ," ಅಂದಳು.

ಕಾಂಪೌಂಡಿನ ಆಚೆಯಿಂದ ಮನೆ ಒಡತಿ ತಿಮ್ಮಕ್ಕ ಇಣುಕಿದಳು. ಮಡಿವಾಳ ಹಳ್ಳಿಯಾಗಿದ್ದಾಗ ಕೆರೆ ಕೆಳಗೆ ರಾಗಿ ಬೆಳೆಯುತ್ತಿದ್ದ ಮನೆತನ ಅವಳದು. ಈಗ ನಾಲ್ಕು ಮನೆ, ಒಂದು ಶೆಡ್ಡು ಬಾಡಿಗೆಗೆ ಬಿಟ್ಟಿದ್ದಳು. "ಏನೇ ಮಸ್ತಾನಮ್ಮ, ಮೈಕ್ ಹಾಕ್ಸಿ ಮದ್ವೆ ಮಾಡೋದು ನೋಡಿದೀನಿ. ಮೈಕ್ ಹಾಕ್ಸಿ ಮುರಿಯೋದು ಇದೇ ಮೊದ್ಲು ಕಣೇ!" ಅಂದಳು. ನಾವು ನಗುತ್ತೇವೆಂದು ಕಾದಳು. ನಗದೆ ಇದ್ದಾಗ ತಲೆ ಒಳಗೆ ಎಳೆದುಕೊಂಡಳು.

ನಾವು ಪಿಂಜಾರರು. ಹತ್ತಿ ಹಿಂಜಿ ಹಾಸಿಗೆ ಹೊಲಿಯುವುದು ನಮ್ಮ ಕಸುಬು, ಮನೆಮಾತು ಕನ್ನಡ. ಉರ್ದುವಿನಲ್ಲಿ ಎರಡು ಮಾತು ಆಡಲು ಬಾರದ ನಮ್ಮನ್ನು ಮಸೀದಿಯಲ್ಲಿ ಅರ್ಧ ಮುಸಲ್ಮಾನರ ಹಾಗೆ ಕಾಣುತ್ತಿದ್ದರು. ಅದು ನಮಗೆ ಅಭ್ಯಾಸವಾಗಿತ್ತು. ಆದರೆ ಆ ಮುಸಲ್ಮಾನರಲ್ಲೇ ಎರಡು ಥರ ಎಂಬುದು ನನಗೆ ತಿಳಿದದ್ದು ಸ್ವಲ್ಪ ತಡವಾಗಿ. ಊಟದ ತಟ್ಟೆ ಮುಂದಿಟ್ಟು ಸತ್ತವರ ಹೆಸರಲ್ಲಿ ಫಾತೇಹ ಓದುವವರು ಒಂದು ಥರ. ಅವರಿಗೆ ದರ್ಗಾ ಬೇಕು, ಉರುಸು ಬೇಕು. ಹಾಗೆ ಓದುವುದು ತಪ್ಪು, ಪ್ರವಾದಿಗಳು ಹೇಳಿಕೊಡದ ಹೊಸ ಕಟ್ಟಳೆ ಎನ್ನುವವರು ಇನ್ನೊಂದು ಥರ. ಎರಡಕ್ಕೂ ದೊಡ್ಡ ದೊಡ್ಡ ಹೆಸರುಗಳಿವೆ. ನಾನು ಬರೆಯುವುದಿಲ್ಲ. ಅರ್ಧ ಜಗಳ ಆ ಹೆಸರುಗಳಿಂದಲೇ ಬಂದದ್ದು. ನಮ್ಮ ಮನೆಯಲ್ಲಿ ಓದುವವರು, ಓದದವರು ಎನ್ನುತ್ತಿದ್ದೆವು, ಅಷ್ಟೆ.

ಅಪ್ಪ ಅಮ್ಮ ಓದುವವರು. ಅಮ್ಮನ ಅಣ್ಣ ಬುಡೇನ್‌ಸಾಬ್, ನನ್ನ ಸೋದರಮಾವ, ಸಾಯುವುದಕ್ಕೆ ಆರು ವರ್ಷ ಮೊದಲು ಓದದವನಾದ.

ಬುಡೇನ್ ಮಾವ ಅಮ್ಮನಿಗೆ ಅಪ್ಪನೂ ಹೌದು. ತಾಯಿತಂದೆ ಹೋದಾಗ ಅಮ್ಮನಿಗೆ ಐದು ವರ್ಷವಂತೆ. ಸಿರಾ ಕಡೆಯಿಂದ ಅವಳನ್ನು ಹೆಗಲ ಮೇಲೆ ಹೊತ್ತು, ಹತ್ತಿ ಹಿಂಜುವ ಬಿಲ್ಲನ್ನು ಕೈಯಲ್ಲಿ ಹಿಡಿದು ಬೆಂಗಳೂರಿಗೆ ಬಂದವನು. ಅವಳ ನಿಕಾಹಿನಲ್ಲಿ ಹೆಣ್ಣಿನ ಕಡೆಯ ವಕೀಲನಾಗಿ ಪರದೆಯ ಹಿಂದೆ ಬಂದು, "ದಾದಾಪೀರ್‌ನ ಒಪ್ಪಿದ್ದೀಯೇನಮ್ಮ?" ಎಂದು ಮೂರು ಸಲ ಕೇಳಿದವನೂ ಅವನೇ. ಮೂರನೇ ಸಲ ಕೇಳುವಾಗ ಅಣ್ಣ ಅಳುತ್ತಿದ್ದ, ಅದಕ್ಕೇ ಬೇಗ ಹೂಂ ಅಂದುಬಿಟ್ಟೆ ಎಂದು ಅಮ್ಮ ಹೇಳುತ್ತಿದ್ದಳು. ಆಮೇಲೆ ಇಪ್ಪತ್ತು ವರ್ಷ ಅಪ್ಪ, ಮಾವ ಇಬ್ಬರೂ ಒಂದೇ ಬಿಲ್ಲಿನಿಂದ ಜಯನಗರದ ಬೀದಿ ಬೀದಿಯಲ್ಲಿ ಹತ್ತಿ ಹಿಂಜಿದರು.

ಮಾವ ಜೆ.ಪಿ. ನಗರದಲ್ಲಿ ಸ್ವಂತ ಅಂಗಡಿ ಇಟ್ಟ ಮೇಲೆ ಅಲ್ಲಿನ ಜಮಾತಿನವರ ಜೊತೆ ಸೇರಿದ. ಗಡ್ಡ ಬಂತು, ಪೈಜಾಮ ಮೊಣಕಾಲ ಕಡೆಗೆ ಏರಿತು, ಕೈಗೊಂದು ಪುಸ್ತಕ ಬಂತು. ಒಂದು ದಿನ ಅಮ್ಮ ಅವರಪ್ಪನ ಹೆಸರಿನಲ್ಲಿ ಫಾತೇಹ ಓದಿಸಿ ಮಲೀದ ಕೊಟ್ಟಾಗ ತಟ್ಟೆಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದ. ಚಪಾತಿ ಪುಡಿ ಮಾಡಿ ಬೆಲ್ಲ ತುಪ್ಪ ಹಾಕಿ ಕಲಸುವ ಮಲೀದ ಅಂದರೆ ಅವನಿಗೆ ಪ್ರಾಣ. "ಇದ್ರ ಮೇಲೆ ಓದಿದೀಯ ಮಸ್ತಾನಿ, ನಾನು ತಿನ್ನಲ್ಲ. ಪುಸ್ತಕದಲ್ಲಿ ತಪ್ಪು ಅಂತೈತೆ," ಅಂದ. "ಅಪ್ಪಂಗೆ ಓದಿದ್ದು ತಪ್ಪಾ?" ಅಂದಳು ಅಮ್ಮ. ಆವತ್ತು ಆಡಬಾರದ ಮಾತೆಲ್ಲ ಆಡಿದಳು. ಆರು ವರ್ಷ ಅವನು ಆ ಮಲೀದ ಮುಟ್ಟಲಿಲ್ಲ. ಅವಳು ಮಾಡುವುದನ್ನು ಬಿಡಲಿಲ್ಲ. ಆದರೂ ತಿಂಗಳಿಗೊಂದು ಸಲ ಬಿಟಿಎಸ್ ಬಸ್ಸು ಹತ್ತಿ ಬಂದು, ಅಂಗಳದಲ್ಲಿ ಕೂತು, ಒಂದು ಚೊಂಬು ನೀರು ಕುಡಿದು, ತಂಗಿಯ ಮುಖ ನೋಡಿ ಹೋಗುತ್ತಿದ್ದ.

ಆ ಸೋಮವಾರ ಬೆಳಿಗ್ಗೆ ಅಂಗಡಿಯಲ್ಲೇ ಎದೆ ಹಿಡಿದುಕೊಂಡು ಕುಸಿದ. ಅವನ ಮಸೀದಿಯ ಇಮಾಮರು ಜನಾಜಾ ಓದಿಸಿದರು. ಅಪ್ಪ ಮೊದಲ ಸಾಲಿನಲ್ಲಿ ನಿಂತು ಅತ್ತ. ಅಲ್ಲಿ ನಿಂತದ್ದೇ ನಮ್ಮ ಮಸೀದಿಯವರ ಕಣ್ಣಿಗೆ ಬಿತ್ತು.

ಶುಕ್ರವಾರ ಮಸೀದಿಯಿಂದ ಮನೆಗೆ ಬಂದ ಅಪ್ಪ ಚಪ್ಪಲಿ ಬಿಡುವ ಮೊದಲೇ ಸೋತಿದ್ದ. ನಮ್ಮಪ್ಪ ಮಾತು ಕಡಿಮೆಯ ಮನುಷ್ಯ. ಯಾರಾದರೂ ದನಿ ಏರಿಸಿದರೆ ಹತ್ತಿಯ ಗುಡ್ಡೆಯ ಹಿಂದೆ ಸೇರಿಕೊಳ್ಳುವವನು. "ಒಂದು ಮಾತು ಅಂದ್ಬಿಟ್ರೆ ಮುಗೀತದಲ್ಲ ಮಸ್ತಾನಿ. ಜೈನಾ ಮದ್ವೆ ಇದೆ," ಅಂದ.

ಜೈನಾ ಎಂದರೆ ನಾನು, ಜೈನಾಬಿ, ನಾಲ್ವರಲ್ಲಿ ಕೊನೆಯವಳು; ಅಕ್ಕಂದಿರು ಮೂವರೂ ಮದುವೆಯಾಗಿ ಹೋಗಿದ್ದರು. ಆಗ ನನಗೆ ಇಪ್ಪತ್ತು. ಮಾರ್ಚ್ ತಿಂಗಳ ಕೊನೆಗೆ ನನ್ನ ನಿಕಾಹ್ ಗೊತ್ತಾಗಿತ್ತು. ಆನೇಕಲ್ಲಿನ ಹುಡುಗ, ಮಕ್ತುಂ ಅಂತ, ಬಸ್ ಡಿಪೋದಲ್ಲಿ ಫಿಟ್ಟರು. ಎರಡು ಸಲ ನೋಡಿದ್ದೆ, ಎರಡನೇ ಸಲ ಅವನು ನಕ್ಕಿದ್ದ. ನಿಕಾಹ್ ಬರೆಯುವ ದಫ್ತರು ಕಮಿಟಿಯ ಬೀರುವಿನಲ್ಲಿತ್ತು. ಅಪ್ಪನ ಹೆಸರು ಆ ಹನ್ನೊಂದರಲ್ಲಿ ಇರುವವರೆಗೆ ಆ ಬೀರು ನನಗಾಗಿ ತೆರೆಯುವುದಿಲ್ಲ ಎಂದು ಖಲಂದರ್ ದಾರಿಯಲ್ಲೇ ಅಪ್ಪನಿಗೆ ಹೇಳಿ ಕಳಿಸಿದ್ದ.

"ಈ ಮಾತು ಅಂದ್ರೆ ನಮ್ಮಣ್ಣ ಏನಾಗಿ ಸತ್ತ ಅಂತ ಆಗ್ತದೆ?" ಅಂದಳು ಅಮ್ಮ.

ಅಪ್ಪ ಬಗ್ಗಿ ಚಪ್ಪಲಿ ಬಿಡತೊಡಗಿದ.

"ಅವನ ಮಣ್ಣಿಗೆ ನಿಂತೋರದೇ ಈಮಾನು ಹೋಗ್ತದೆ ಅಂದ್ರೆ ಅವನದು ಇರ್ಲೇ ಇಲ್ಲ ಅಂತ ತಾನೇ? ನಾನು ಹೋಗಿ ಹೂಂ ಅಂದ್ರೆ ಅದಕ್ಕೂ ಹೂಂ ಅಂದಂಗೆ. ನಾನು ಅನ್ನಲ್ಲ."

ನನಗೆ ಮೈಯೆಲ್ಲ ಉರಿದುಹೋಯಿತು. ಇದ್ದಾಗ ಆರು ವರ್ಷ ಅಣ್ಣನ ಮೇಲೆ ಹಾರಾಡಿದವಳು ಸತ್ತ ಮೇಲೆ ನನ್ನ ಮದುವೆ ಕೆಡಿಸಲು ಹೊರಟಿದ್ದಾಳೆ ಎಂದುಕೊಂಡೆ. ಹಾಗೆಂದು ಮುಖಕ್ಕೇ ಹೇಳಿದೆ. ಅಮ್ಮ ದಬ್ಬಣ ಕಿತ್ತು ಮತ್ತೆ ಹೊಲಿಯತೊಡಗಿದಳು. ಹೊಲಿಯುತ್ತಲೇ, "ಕುರ್‌ಆನಲ್ಲಿ ಇದ್ರೆ ಒಪ್ಕೊಂತೀನಿ. ತೋರ್ಸು," ಅಂದಳು.

ಇಲ್ಲೊಂದು ಮಾತು ಹೇಳಬೇಕು. ಅಮ್ಮನಿಗೆ ಕುರ್‌ಆನಿನ ಮೂವತ್ತು ಭಾಗಗಳನ್ನೂ ಅರಬ್ಬಿಯಲ್ಲಿ ಬಾಯಿಪಾಠವಾಗಿ ತಪ್ಪಿಲ್ಲದೆ ಓದಲು ಬರುತ್ತಿತ್ತು. ಕೇರಿಯ ಎಷ್ಟೋ ಹೆಣ್ಣುಮಕ್ಕಳಿಗೆ ಅಕ್ಷರ ಕಲಿಸಿದವಳು ಅವಳೇ. ಆದರೆ ಒಂದು ಸಾಲಿನ ಅರ್ಥವೂ ಗೊತ್ತಿರಲಿಲ್ಲ. ಯಾರೂ ಹೇಳಿಕೊಟ್ಟಿರಲಿಲ್ಲ, ಅವಳೂ ಕೇಳಿರಲಿಲ್ಲ.

ಶನಿವಾರ ನಾನು ಜಯನಗರದ ಲೈಬ್ರರಿಗೆ ಹೋದೆ. ಕನ್ನಡದಲ್ಲಿ ಅರ್ಥ ಬರೆದ ಕುರ್‌ಆನ್ ಅಲ್ಲಿದೆ ಎಂದು ಶಾಲೆಯಲ್ಲಿ ಓದುವಾಗ ಕೇಳಿದ್ದೆ. ಲೈಬ್ರರಿಯ ಗುರುಶಾಂತಪ್ಪನವರು ಮೇಲಿನ ಶೆಲ್ಫಿನಿಂದ ತೆಗೆದು, ಅಂಗವಸ್ತ್ರದಿಂದ ಧೂಳು ಒರೆಸಿ ಕೊಟ್ಟರು. "ನಾನು ಬಂದ್ಮೇಲೆ ಇದನ್ನ ತಗೊಂಡೋಗ್ತಿರೋಳು ನೀನೇ ಮೊದ್ಲು ಕಣಮ್ಮ. ಪರೀಕ್ಷೆಗಾ?" ಅಂದರು. ಹೂಂ ಸಾರ್, ಪರೀಕ್ಷೆಗೇ ಅಂದೆ. ಅಮ್ಮನನ್ನು ಸೋಲಿಸಿ ಹೂಂ ಅನ್ನಿಸುವುದಷ್ಟೇ ನನ್ನ ತಲೆಯಲ್ಲಿ ಇದ್ದದ್ದು.

ಅಮ್ಮ ಕೈಕಾಲು ಮುಖ ತೊಳೆದು ವುಜೂ ಮಾಡಿ ಬಂದಳು. ನನಗೂ ಮಾಡಿಸಿದಳು. "ಇದು ಕನ್ನಡ ಕಣಮ್ಮ," ಅಂದೆ. "ಭಾಷೆ ನಮ್ದು, ಮಾತು ಅವಂದೇ ಅಲ್ವಾ? ಹೋಗಿ ತೊಳ್ಕೊಂಡು ಬಾ," ಅಂದಳು. ದಿನಾ ಮಧ್ಯಾಹ್ನ ಅವಳು ಹಾಸಿಗೆ ಹೊಲಿಯುತ್ತಿದ್ದಳು, ನಾನು ಅಧ್ಯಾಯದ ಹೆಸರು, ಸಾಲಿನ ಸಂಖ್ಯೆ ಹೇಳಿ ಓದುತ್ತಿದ್ದೆ. ಅಲ್ಲಲ್ಲಿ ಅವಳ ಕೈ ನಿಲ್ಲುತ್ತಿತ್ತು. "ಇದು ಹಿಂಗೆ ಹೇಳ್ತಿತ್ತಾ? ಇದನ್ನ ನಾನು ಎಷ್ಟು ವರ್ಷದಿಂದ ಬಾಯಲ್ಲಿ ಹೇಳ್ತಿದೀನಿ, ಗೊತ್ತೇ ಇರ್ಲಿಲ್ಲ ನೋಡು!" ಎಂದು ಅವಳು ಹೇಳುವಾಗ ಕಣ್ಣು ತುಂಬಿರುತ್ತಿತ್ತು. ನಾನು ಪುಟ ಬಿಟ್ಟು ಬಿಟ್ಟು ಓದಲು ನೋಡಿದರೆ, ಅರಬ್ಬಿಯಲ್ಲಿ ಮುಂದಿನ ಸಾಲು ಹೇಳಿ ಹಿಡಿದುಹಾಕುತ್ತಿದ್ದಳು.

ತಲಾಕಿನ ಮಾತು ಬಂತು. ತಲಾಕಿನ ಮೇಲೆ ಹೆಣ್ಣು ಎಷ್ಟು ತಿಂಗಳು ಕಾಯಬೇಕೆಂದು ಬಂತು. ಗಂಡ ಹೆಂಡತಿ ಜಗಳವಾಡಿದರೆ ಎರಡೂ ಮನೆಯಿಂದ ಒಬ್ಬೊಬ್ಬರು ಕೂತು ಸರಿಮಾಡಬೇಕು ಎಂದೂ ಬಂತು. ಜನಾಜಾ ನಮಾಜಿಗೆ ನಿಂತರೆ ಮದುವೆ ಮುರಿಯುತ್ತದೆ ಎಂದು ಎಲ್ಲೂ ಬರಲಿಲ್ಲ. ಮಂಗಳವಾರ ಮಾತ್ರ ನನಗೆ ಗೆದ್ದೆ ಅನ್ನಿಸಿತು. ಮೇಲೊಂದು ಒಳಗೊಂದು ಇರುವ ಕಪಟಿಗಳು ಸತ್ತರೆ ಅವರಿಗಾಗಿ ನಮಾಜು ಮಾಡಬೇಡ ಎಂಬ ಅರ್ಥದ ಮಾತೊಂದು ಸಿಕ್ಕಿತು. ಜೋರಾಗಿ ಎರಡು ಸಲ ಓದಿದೆ.

ಅಮ್ಮ ದಾರ ಹಲ್ಲಿನಿಂದ ಕತ್ತರಿಸಿದಳು. "ಅದ್ರಲ್ಲಿ ಮದ್ವೆ ಮುರೀತದೆ ಅಂತ ಇದ್ಯಾ?"

"ಇಲ್ಲ."

"ಕಪಟಿ ಯಾರು ಅಂತ ಹೆಸರು ಬರ್ದಿದ್ಯಾ? ಸಿರಾ ಬುಡೇನ್‌ಸಾಬ್ ಅಂತ?"

"ಇಲ್ಲ."

"ಮುಂದಕ್ಕೆ ಓದು."

ಅಣ್ಣನನ್ನೂ ಅವಳು ಸುಮ್ಮನೆ ಬಿಡಲಿಲ್ಲ. ಮಲೀದ ತಿನ್ನಬಾರದು ಅಂತ ಎಲ್ಲಿದೆ ನೋಡು ಅಂದಳು. ಅಲ್ಲಾಹನಲ್ಲದೆ ಬೇರೆಯವರ ಹೆಸರಲ್ಲಿ ಕೊಯ್ದ ಪ್ರಾಣಿಯನ್ನು ತಿನ್ನಬಾರದು ಎಂದು ಇದ್ದದ್ದನ್ನು ಓದಿದೆ. ಮಾವನ ಪುಸ್ತಕ ಅದನ್ನೇ ಎಳೆದು ಮಲೀದದವರೆಗೆ ತಂದಿರಬೇಕು. ಅಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. "ನಾನು ಕೊಯ್ದಿದ್ದು ಬೆಲ್ಲಾನ ಕಣಣ್ಣ!" ಎಂದು ಖಾಲಿ ಅಂಗಳಕ್ಕೆ ಹೇಳಿದಳು. ನಕ್ಕವಳು ಹಾಗೇ ಅತ್ತಳು.

ಗುರುವಾರ ಸಂಜೆ ಕೊನೆಯ ಪುಟ ಮುಗಿಯಿತು. ಅಮ್ಮ ಪುಸ್ತಕವನ್ನು ಕಣ್ಣಿಗೊತ್ತಿಕೊಂಡು ಹೊಸ ಗವಸಿನಲ್ಲಿ ಸುತ್ತಿ ಇಟ್ಟಳು. "ನಾಳೆ ಹೋಗಣ," ಅಂದಳು. ಹೂಂ ಅಂತೀಯಾ ಎಂದು ನಾನು ಕೇಳಲಿಲ್ಲ.

ಶುಕ್ರವಾರ ಗಂಡಸರು ಮಸೀದಿಯ ಜಗಲಿಯಲ್ಲಿ, ನಾವು ಹೆಂಗಸರು ಪಕ್ಕದ ಮದರಸಾ ಕೋಣೆಯಲ್ಲಿ ಕೂತೆವು. ನಡುವೆ ಹಸಿರು ಪರದೆ. ಹನ್ನೊಂದು ಜನ ಗಂಡಸರಿಂದ ಮೊದಲು ಕಲಿಮಾ ಹೇಳಿಸಿದರು. ಎಪ್ಪತ್ತು ದಾಟಿದ ಮುದುಕನೊಬ್ಬ ಕೆಮ್ಮುತ್ತಾ ಹೇಳಿದ. ನಮ್ಮಪ್ಪನ ದನಿ ಕೇಳಿಸಲೇ ಇಲ್ಲ. ನಮ್ಮ ಕಡೆ ಹನ್ನೊಂದು ಜನ ತಾಯಂದಿರು, ಅಜ್ಜಿಯರು ಸೆರಗು ಎಳೆದುಕೊಂಡು ಮದುಮಗಳಂತೆ ತಲೆ ಬಗ್ಗಿಸಿ ಕೂತಿದ್ದರು. ಒಬ್ಬಾಕೆಯ ಮಡಿಲಲ್ಲಿ ಮೊಮ್ಮಗು ನಿದ್ದೆ ಮಾಡುತ್ತಿತ್ತು. ಅವಳಿಗೆ ನಾಚಿಕೆಯಿಂದ ಬೆವರು ಇಳಿಯುತ್ತಿತ್ತು. ಆ ನಾಚಿಕೆಯನ್ನು ನೋಡಿ ನನಗೆ ಅವತ್ತು ಮೊದಲ ಸಲ ಕಮಿಟಿಯ ಮೇಲೆ ಸಿಟ್ಟು ಬಂತು.

ಹೊತ್ತು ಉಳಿಸಲೆಂದು ಹನ್ನೊಂದು ಜನಕ್ಕೂ ಖಲಂದರನೇ ವಕೀಲ. ಇಬ್ಬರು ಸಾಕ್ಷಿಗಳ ಜೊತೆ ಪರದೆಯ ಹತ್ತಿರ ಬಂದು ಹನ್ನೊಂದು ಹೆಸರನ್ನೂ ಒಂದೇ ಉಸಿರಿಗೆ ಓದಿದ. "ಒಪ್ಪಿಗೆನಾ?" ಅಂದ. ಯಾರೂ ಉಸಿರೆತ್ತಲಿಲ್ಲ. ಇನ್ನೆರಡು ಸಲ ಕೇಳಿದ. "ಸರಿ, ಎಲ್ಲಾ ಒಪ್ಪಿದ್ರು," ಎಂದು ತಿರುಗಿದ.

"ನಾನು ಒಪ್ಪಿಲ್ಲ," ಅಂದಳು ಅಮ್ಮ.

ಖಲಂದರ್ ನಿಂತ. "ಸುಮ್ನಿದ್ರೆ ಒಪ್ದಂಗೆ ಅಲ್ವೇನಮ್ಮ. ಶರೀಯತ್ತೇ ಹಂಗೈತೆ."

"ಅದು ಮದ್ವೆಯಾಗ್ದಿರೋ ಹುಡ್ಗೀರಿಗೆ. ಅವ್ರಿಗೆ ನಾಚ್ಕೆ, ಅದಕ್ಕೆ ಸುಮ್ನಿದ್ರೆ ಸಾಕು. ಮದ್ವೆಯಾಗಿ ಬಿಟ್ಟೋಳಾದ್ರೆ ಬಾಯಿ ಬಿಟ್ಟು ಹೇಳ್ಬೇಕು. ಹೋದ ರಂಜಾನಲ್ಲಿ ಹಜರತ್ತೇ ಮೈಕಲ್ಲಿ ಹೇಳಿದ್ರು, ನಾನು ಅಂಗಳದಲ್ಲಿ ಕೂತು ಕೇಳ್ದೆ. ನಾನು ನಾಲ್ಕು ಹೆತ್ತಿದೀನಿ. ನನ್ನ ಬಾಯಲ್ಲಿ ಕೇಳು."

ಜಗಲಿಯಲ್ಲಿ ಗುಸುಗುಸು ಎದ್ದಿತು. ಹಜರತ್ ಎಂದರೆ ನಮ್ಮ ಮಸೀದಿಯ ಇಮಾಮರು, ಇನ್ನೂ ಮೂವತ್ತು ತುಂಬಿರದ ಮೃದು ಮಾತಿನ ಮನುಷ್ಯ. ಅವರೇ ಎದ್ದು ಪರದೆಯ ಹತ್ತಿರ ಬಂದರು. "ಅಮ್ಮಾ, ನೀವು ಹೇಳಿದ್ದು ಸರಿ. ಬಾಯಲ್ಲೇ ಹೇಳಿ. ಒಪ್ಪಿಗೆ ಇದೆಯಾ?" ಎಂದು ಉರ್ದು ಬೆರೆತ ಕನ್ನಡದಲ್ಲಿ ಕೇಳಿದರು.

"ಇಲ್ಲ. ನಮ್ಮದು ಮುರಿದಿಲ್ಲ ಹಜರತ್. ಮೂವತ್ತು ಭಾಗಾನೂ ಓದ್ಸಿ ಕೇಳ್ದೆ, ಅದ್ರಲ್ಲಿ ಮುರೀತದೆ ಅಂತ ಇಲ್ಲ. ಇದ್ರೆ ಯಾವ ಭಾಗ ಅಂತ ಹೇಳಿ, ಬಾಯಿಪಾಠ ಬರ್ತದೆ ನನಗೆ."

"ಎಲ್ಲವೂ ಕುರ್‌ಆನಿನಲ್ಲೇ ಬರೆದಿರುವುದಿಲ್ಲ ಅಮ್ಮ. ಪ್ರವಾದಿಗಳು ಹೇಳಿದ ಹದೀಸ್ ಇದೆ. ದೊಡ್ಡ ವಿದ್ವಾಂಸರು ಎಲ್ಲಾ ಅಳೆದು ನೋಡಿ ಕೊಟ್ಟ ಫತ್ವಾ ಇದೆ. ಹೆಂಗಸರು ಕನ್ನಡದಲ್ಲಿ ಓದಿ ತೀರ್ಮಾನ ಮಾಡೋ ವಿಷಯ ಅಲ್ಲ."

"ಹಂಗಾದ್ರೆ ನಿಮ್ಮ ಮಾತೇ ಇಟ್ಕೊಳಣ. ಮುರಿದೈತೆ. ಈಗ ನನ್ನ ಮೇಲೆ ಯಾವ ಗಂಡನ ಮಾತೂ ಇಲ್ಲ. ಹೊಸ ನಿಕಾಹ್ ಅಂದ್ರೆ ಹೊಸ ಮೆಹರ್. ಹೆಣ್ಣು ಕೇಳಿದ್ದು ಕೊಡ್ಬೇಕು ತಾನೇ?"

ಮೆಹರ್ ಎಂದರೆ ನಿಕಾಹಿನಲ್ಲಿ ಗಂಡು ಹೆಣ್ಣಿಗೆ ಕೊಡಲೇಬೇಕಾದದ್ದು. ಖಲಂದರನ ಮುಖ ಅರಳಿತೇನೋ, "ಕೇಳಮ್ಮ, ಅದಕ್ಕೇನಂತೆ," ಅಂದ.

"ದುಡ್ಡು ಬೇಡ. ಆ ಮೈಕಲ್ಲಿ ಒಂದು ಮಾತು ಬೇಕು. ಬುಡೇನ್‌ಸಾಬ್ ಮುಸಲ್ಮಾನನಾಗೇ ಸತ್ತ ಅಂತ ಹೇಳ್ಸಿ. ಯಾರಾದ್ರೂ ಹೇಳಿ. ಆಮೇಲೆ ಮೂರು ಸಲ ಅಲ್ಲ, ಮೂವತ್ತು ಸಲ ಹೂಂ ಅಂತೀನಿ."

ಹಜರತ್ ಪರದೆಯ ಆಚೆ ನಿಂತೇ ಇದ್ದರು, ಅವರ ನೆರಳು ಕಾಣುತ್ತಿತ್ತು. ಅಮ್ಮ ಕಾದಳು. ಆಮೇಲೆ ಅಂದಳು: "ಯಾಕೆ ಹಜರತ್, ಸುಮ್ನಾದ್ರಿ? ಸುಮ್ನಿದ್ರೆ ಒಪ್ದಂಗೆ ಅಂತ ಇಟ್ಕೊಳ್ಲಾ?"

ನಮ್ಮ ಕಡೆಯ ಹೆಂಗಸೊಬ್ಬಳು ಸೆರಗಿನೊಳಗೇ ಕಿಸಕ್ಕೆಂದಳು. ಮಸೀದಿ ಕಮಿಟಿಯ ಅಧ್ಯಕ್ಷರಿಗೆ ತಡೆಯಲಾಗಲಿಲ್ಲ. ಟಿಂಬರ್ ಯಾರ್ಡಿನ ಸಾಹುಕಾರರು ಅವರು, ದನಿಯೂ ಗರಗಸದ್ದೇ. "ಏಯ್ ಜೈನಾಬಿ, ಅಲ್ಲಿದೀಯೇನಮ್ಮ? ನಿನ್ನ ಮದ್ವೆ ನಿಮ್ಮಮ್ಮನ ಬಾಯಲ್ಲಿದೆ. ದಫ್ತರು ತೆಗೆಯೋರು ನಾವು. ನೀನಾದ್ರೂ ಬುದ್ಧಿ ಹೇಳು!"

ಇಡೀ ವಾರ ಇದೇ ಮಾತನ್ನು ನಾನೇ ಅಮ್ಮನಿಗೆ ಹೇಳಿದ್ದೆ. ಈಗ ಅದೇ ಮಾತನ್ನು ಆ ದನಿಯಲ್ಲಿ ಕೇಳಿದಾಗ ನನ್ನ ಮೈಯೆಲ್ಲ ಕಾದುಹೋಯಿತು. ಮಕ್ತುಂ ನಕ್ಕಿದ್ದು ನೆನಪಾಯಿತು. ನೆನಪಾಗಲಿಲ್ಲ ಅಂದರೆ ಸುಳ್ಳಾಗುತ್ತದೆ. ಆದರೂ ಎದ್ದು ನಿಂತೆ. "ನಮ್ಮಮ್ಮ ಒಂದು ಪ್ರಶ್ನೆ ಕೇಳಿದಾರೆ ಸಾರ್. ಮೊದ್ಲು ಅದಕ್ಕೆ ಉತ್ತರ ಕೊಡಿ," ಅಂದೆ.

ಉತ್ತರದ ಬದಲು ಖಲಂದರ್ ಮುಂದಿನ ಹೆಸರು ಓದಿದ. ಉಳಿದ ಹತ್ತು ಜನ ಹೆಂಗಸರು ಒಬ್ಬೊಬ್ಬರಾಗಿ ಬಾಯಿಬಿಟ್ಟು ಹೂಂ ಅಂದರು. ಅವರನ್ನು ನಾನು ದೂರುವುದಿಲ್ಲ, ಒಬ್ಬೊಬ್ಬರಿಗೂ ಮನೆಯಲ್ಲಿ ಒಬ್ಬ ಜೈನಾಬಿ ಇದ್ದಳು. ಹಜರತ್ ಕೊನೆಗೆ, "ಹಾಗಾದರೆ ನೀವಿಬ್ಬರೂ ಒಂದೇ ಮನೆಯಲ್ಲಿ ಇರೋದು ಹರಾಂ ಆಗುತ್ತೆ, ಅಮ್ಮ," ಅಂದರು. ಬೆದರಿಸುವ ದನಿಯಲ್ಲ, ಬೇಡಿಕೊಳ್ಳುವ ದನಿ. ಅಮ್ಮ ಚಪ್ಪಲಿ ಮೆಟ್ಟಿದಳು.

ಅಪ್ಪ ಅವತ್ತು ಮನೆಯೊಳಗೆ ಬರಲಿಲ್ಲ. ನಾವು ಬಾಡಿಗೆಗೆ ಹಿಡಿದಿದ್ದ ತಿಮ್ಮಕ್ಕನ ಶೆಡ್ಡಿನಲ್ಲಿ, ಹತ್ತಿ ಹಿಂಜುವ ಮಷೀನಿನ ಪಕ್ಕ ಚಾಪೆ ಹಾಕಿಕೊಂಡ. ನಾನು ದಿನಾ ಊಟ ಒಯ್ಯುತ್ತಿದ್ದೆ. ಅಮ್ಮ ಬಡಿಸಿ ಕೊಡುತ್ತಿದ್ದಳು, ಉಪ್ಪು ಖಾರ ಯಾವುದಕ್ಕೂ ಕಡಿಮೆ ಮಾಡಲಿಲ್ಲ. ಆದರೂ ಬಾ ಅಂತ ಕರೆಯಲಿಲ್ಲ. "ಹೋಗಿದ್ದು ಅವನು, ಬರೋದೂ ಅವನೇ," ಅನ್ನುತ್ತಿದ್ದಳು. "ಮೂವತ್ತೊಂದು ವರ್ಷ ಜೊತೇಲಿದ್ದು ಒಂದು ಮೈಕಿಗೆ ಹೆದ್ರಿಬಿಟ್ಯಲ್ಲಪ್ಪ," ಎಂದು ನಾನು ಒಂದು ದಿನ ಶೆಡ್ಡಿನಲ್ಲಿ ಕಿರುಚಿದೆ. ಅಪ್ಪ ಮಾವನ ಹಳೇ ಬಿಲ್ಲನ್ನು ಗೋಡೆಯಿಂದ ಇಳಿಸಿ ಅದರ ನಾರಿಗೆ ಮೇಣ ಸವರುತ್ತಿದ್ದ. ಮಷೀನು ಬಂದ ಮೇಲೆ ಆ ಬಿಲ್ಲನ್ನು ಯಾರೂ ಮುಟ್ಟಿರಲಿಲ್ಲ. ಮಾರನೆಯ ದಿನದಿಂದ ಮಷೀನು ನಿಲ್ಲಿಸಿ ಅದರಲ್ಲೇ ಹಿಂಜತೊಡಗಿದ. ಅದರ ಟಂಯ್ ಟಂಯ್ ಸದ್ದು ನಮ್ಮ ಅಂಗಳಕ್ಕೆ ಕೇಳುತ್ತಿತ್ತು. ಅಮ್ಮ ಅದಕ್ಕೆ ಕಿವಿಗೊಟ್ಟು ಹೊಲಿಯುತ್ತಿದ್ದಳು.

ಆನೇಕಲ್ಲಿನಿಂದ ಹೇಳಿ ಕಳಿಸಿದರು. ಇಂಥ ಮನೆಯ ಸಂಬಂಧ ಬೇಡವಂತೆ. ನಾನು ಎರಡು ದಿನ ಅತ್ತೆ, ಮೂರನೇ ದಿನ ಗವಸು ಹೊಲಿಯಲು ಕೂತೆ. ಅಮ್ಮ ಹಿಂದಿನಿಂದ ಬಂದು ನನ್ನ ತಲೆಯ ಮೇಲೆ ಕೈಯಿಟ್ಟು, "ನಿನ್ನ ಬಾಳಿಗೆ ಕಲ್ಲು ಹಾಕ್ಬಿಟ್ಟೆ ಕಣೇ," ಅಂದಳು. ಅವಳು ಕುಗ್ಗಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಮಾವನ ಮಗ ರಸೂಲ್ ಬಂದ. ತಲೆ ಬಗ್ಗಿಸಿ ಕೂತು, "ಅತ್ತೆ, ನಮ್ಮ ಮಸೀದೀಲಿ ಜೈನಾಗೆ ನಿಕಾಹ್ ಮಾಡ್ಸೋಣ, ಹುಡುಗನ್ನೂ ನಾವೇ ನೋಡ್ತೀವಿ. ಆದ್ರೆ ನೀವು ಫಾತೇಹ, ದರ್ಗಾ ಎಲ್ಲಾ ಬಿಟ್ಟೆ ಅಂತ ಒಂದು ಮಾತು ನಮ್ಮ ಇಮಾಮ್ರ ಮುಂದೆ ಹೇಳ್ಬೇಕು," ಅಂದ. ಅವನ ಕಂಕುಳಲ್ಲೂ ಒಂದು ಪುಸ್ತಕವಿತ್ತು.

ಅಮ್ಮ ಅವನಿಗೆ ನೀರು ಕೊಟ್ಟಳು. "ನಿಮ್ಮಪ್ಪ ಆರು ವರ್ಷ ನನ್ನ ತಟ್ಟೆ ಮುಟ್ಲಿಲ್ಲ. ಆದ್ರೆ ಮಸ್ತಾನಿ, ನೀನು ಮುಸಲ್ಮಾನಳಲ್ಲ ಅಂತ ಒಂದಿನಾನೂ ಅನ್ಲಿಲ್ಲ. ನೀರು ಕುಡ್ದು ಹೋಗ್ತಿದ್ದ. ನೀನೂ ಕುಡಿ, ಹೋಗು. ಒಬ್ರಿಗೆ ಅನ್ದೇ ಇರೋ ಮಾತು ಇನ್ನೊಬ್ರಿಗೆ ಯಾಕೆ ಅನ್ಲಿ?"

ಮಾವ ಸತ್ತ ನಲವತ್ತನೆಯ ದಿನ ಶುಕ್ರವಾರವೇ ಬಿತ್ತು. ನಮ್ಮಲ್ಲಿ ಆ ದಿನದ ಫಾತೇಹ ತಪ್ಪಿಸುವಂತಿಲ್ಲ. ಅಮ್ಮ ಬೆಳಿಗ್ಗೆಯೇ ಚಪಾತಿ ಲಟ್ಟಿಸಿ ಸುಟ್ಟು, ಬೆಲ್ಲ ತುಪ್ಪ ಬೆರೆಸಿ ಮಲೀದ ಕಲಸಿದಳು. ಮಾವನ ಹಳೇ ತಟ್ಟೆಯಲ್ಲಿ ಗುಡ್ಡೆ ಮಾಡಿ ಗೋಡೆಯ ಪಕ್ಕ ಇಟ್ಟಳು. ಲೋಬಾನ ಹಾಕಲಿಲ್ಲ. ಕೈ ಎತ್ತಲಿಲ್ಲ.

"ಓದಲ್ವೇನಮ್ಮ?"

"ಅವನಿಗೆ ಓದಿದ್ರೆ ಸೇರ್ತಿರ್ಲಿಲ್ಲ. ನನ್ನ ಸಾವಿಗೆ ನೀನು ಓದು. ಇವತ್ತು ಅವನ ದಿನ." ತಟ್ಟೆಯನ್ನು ಇನ್ನೊಂದು ಚೂರು ಗೋಡೆಯ ಕಡೆ ಸರಿಸಿದಳು. "ಓದಿಲ್ಲ ಕಣಣ್ಣ. ತಿನ್ನು."

ಆ ಹೊತ್ತಿಗೆ ಜುಮ್ಮಾ ಮುಗಿದು ಖಲಂದರ್ ಮೈಕಿನಲ್ಲಿ ಉರುಸಿನ ದಿನ ತಿಳಿಸುತ್ತಿದ್ದ. ಅರ್ಧಕ್ಕೆ ಕರಕರ ಸದ್ದಾಯಿತು. ಆಮೇಲೆ ಯಾರೋ ಉಸಿರು ಎಳೆದುಕೊಂಡದ್ದು ಕೇಳಿಸಿತು. ಆ ಉಸಿರು ಯಾರದೆಂದು ಮಾತು ಬರುವ ಮೊದಲೇ ನನಗೆ ಗೊತ್ತಾಯಿತು.

"ನಾನು... ಹತ್ತಿ ದಾದಾಪೀರ್. ನಮ್ಮ ಭಾವ ಬುಡೇನ್‌ಸಾಬ್ ಮುಸಲ್ಮಾನನಾಗೇ ಸತ್ತ. ಅವನ ಜನಾಜಾಕ್ಕೆ ನಿಂತಿದ್ದೆ. ಸರಿಯಾಗೇ ನಿಂತಿದ್ದೆ. ಹೋದ ತಿಂಗ್ಳು ಇಲ್ಲಿ ಕಲಿಮಾ ಓದಿದ್ದು ಹೆದ್ರಿಕೊಂಡು. ಇವತ್ತು ಹೆದ್ರಿಕೆ ಇಲ್ದೆ ಇನ್ನೊಂದ್ಸಲ ಓದ್ತೀನಿ."

ಅಪ್ಪ ಕಲಿಮಾ ಶುರು ಮಾಡಿದ. ಗಟ್ಟಿಯಾಗಿ, ಒಂದೊಂದು ಅಕ್ಷರವನ್ನೂ ಬಿಡಿಸಿ ಹೇಳಿದ. ಅರ್ಧಕ್ಕೆ ಬರುವಾಗ ಯಾರೋ ಮೈಕು ಆರಿಸಿದರು. ಮಸೀದಿಯವರು ಮಸೀದಿಯಲ್ಲೇ ಕಲಿಮಾ ನಿಲ್ಲಿಸಿದ್ದನ್ನು ಮಡಿವಾಳವೆಲ್ಲ ಕೇಳಿತು. ಅಮ್ಮ ಬೆಲ್ಲ ಅಂಟಿದ ಕೈಯಲ್ಲೇ ಅಂಗಳದ ನಡುವೆ ನಿಂತು ಉಳಿದರ್ಧವನ್ನು ಕೂಗಿ ಮುಗಿಸಿದಳು.

ಸ್ವಲ್ಪ ಹೊತ್ತಿಗೆ ಅಪ್ಪ ಬಂದ. ಅಂಗಿಯ ಜೇಬು ಹರಿದಿತ್ತು, ತಲೆಯ ಮೇಲೆ ಟೋಪಿ ಇರಲಿಲ್ಲ. ಅವನ ಬೆನ್ನಿಗೆ ಆ ಹನ್ನೊಂದರಲ್ಲೇ ಒಬ್ಬನಾದ ಕೆಮ್ಮಿನ ಮುದುಕ ಬೀದಿಯ ತಿರುವಿನವರೆಗೆ ಬಂದು ನಿಂತಿದ್ದ. ಅಪ್ಪ ಹೊಸ್ತಿಲಾಚೆಯೇ ನಿಂತ. ಇಪ್ಪತ್ತೆಂಟು ದಿನದ ಗಡ್ಡದಲ್ಲಿ ಹತ್ತಿ ಸಿಕ್ಕಿಕೊಂಡಿತ್ತು.

"ಒಳಗೆ ಬರ್ಲಾ?" ಅಂದ.

ಅಮ್ಮ ಸುಮ್ಮನೆ ಅವನನ್ನೇ ನೋಡಿದಳು. ಅಪ್ಪ ಕಾಲು ಎತ್ತಿಡಲಿಲ್ಲ. ಸುಮ್ಮನಿದ್ದರೆ ಒಪ್ಪಿದಂತಲ್ಲ ಎಂದು ಅವನೂ ಪರದೆಯಾಚೆ ಕೂತು ಕೇಳಿದ್ದನಲ್ಲ. ಬಾಯಿಬಿಟ್ಟು ಹೇಳಲಿ ಎಂದು ಕಾದ.

"ಮೂವತ್ತೊಂದು ವರ್ಷದ ಹಿಂದೆ ನಮ್ಮಣ್ಣ ಬಂದು ಕೇಳ್ದಾಗ್ಲೇ ಹೂಂ ಅಂದಿದೀನಿ," ಅಂದಳು ಅಮ್ಮ. "ಇನ್ನೆಷ್ಟು ಸಲ ಅನ್ನಿಸ್ತೀಯ? ಬಾ, ಕೂತ್ಕೋ. ಅವನ ತಟ್ಟೇಲೇ ತಿನ್ನು."